ಟಿವಿ ಇಲ್ಲದ ಊರಿನ ಜಾಹೀರಾತುಗಳು: ಕಾಸರಗೋಡಿನ ಎಪ್ಪತ್ತರ ದಶಕ

ಹಿರಿಯರೇ, ಸ್ನೇಹಿತರೇ,

ಎಪ್ಪತ್ತರ ದಶಕದ ಟಿವಿ ಜಾಹೀರಾತುಗಳನ್ನು ನೆನೆದು ಸಂತೋಷಪಡುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ನಮ್ಮ ಕಾಸರಗೋಡಿನಲ್ಲೂ ಅರವತ್ತು ದಾಟಿದ ನಾಲ್ಕು ಮಂದಿ ಒಂದು ಮದುವೆಯ ಚಪ್ಪರದಡಿ ಕೂತರೆಂದರೆ, ನಿರ್ಮಾ ಪುಡಿಯ ಹಾಡು, ಸರ್ಫಿನ ಲಲಿತಾಜಿ, ಬಜಾಜ್ ಸ್ಕೂಟರಿನ ಹಾಡು ಎಂದು ಮಾತು ಸಾಗಿ, "ಅದೆಲ್ಲ ಎಪ್ಪತ್ತರ ದಶಕ ಮಾರಾಯ್ರೆ, ಆ ಕಾಲ ಇನ್ನು ಬಾರ" ಎಂಬಲ್ಲಿಗೆ ಮುಟ್ಟುತ್ತದೆ. ಆ ಸಂತೋಷವನ್ನು ನಾನು ಗೌರವಿಸುತ್ತೇನೆ. ಆದರೆ ಆ ನೆನಪಿನ ಬಹುಪಾಲು ಎಪ್ಪತ್ತರ ದಶಕದ್ದಲ್ಲ, ಮತ್ತು ನಮ್ಮ ನೆಲದಲ್ಲಿ ನಿಜವಾಗಿ ಹುಟ್ಟಿದ ಎಪ್ಪತ್ತರ ದಶಕದ ನೆನಪು ಈ ಎರವಲು ನೆನಪಿನ ಅಡಿಯಲ್ಲಿ ಹೂತುಹೋಗುತ್ತಿದೆ ಎಂಬುದನ್ನು ಇಂದು ತಮ್ಮ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆಂದು ಬಂದಿದ್ದೇನೆ.

ಮೊದಲು ಕಾಲಕ್ರಮವನ್ನು ನೋಡೋಣ. ದೆಹಲಿಯಲ್ಲಿ ಟೆಲಿವಿಷನ್ ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರಿನಲ್ಲಿ. ಎರಡನೆಯ ಕೇಂದ್ರ ಮುಂಬಯಿಗೆ ಬರಲು 1972ರ ತನಕ ಕಾಯಬೇಕಾಯಿತು. 1975 ಮುಗಿಯುವಾಗಲೂ ದೇಶದ ಏಳು ನಗರಗಳಲ್ಲಿ ಮಾತ್ರ ಟಿವಿ ಇತ್ತು. ದಕ್ಷಿಣದಲ್ಲಿ ಆ ಭಾಗ್ಯ ಮದ್ರಾಸಿಗೆ ಒಂದಕ್ಕೇ. ದೂರದರ್ಶನದಲ್ಲಿ ಜಾಹೀರಾತಿಗೆ ಅವಕಾಶ ಸಿಕ್ಕಿದ್ದು 1976ರ ಜನವರಿ 1ರಂದು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ತಿರುವನಂತಪುರಕ್ಕೆ 1982ರಲ್ಲಿ. ಅಂದರೆ ನಾವು ಸೇರಿಹೋದ ಕೇರಳ ರಾಜ್ಯದಲ್ಲಿ ಎಪ್ಪತ್ತರ ದಶಕ ಪೂರ್ತಿ ಮುಗಿಯುವ ತನಕ ಒಂದು ಟಿವಿ ಕೇಂದ್ರವೂ ಇರಲಿಲ್ಲ. ನಿರ್ಮಾದ ಹಾಡು ಟಿವಿಗೆ ಏರಿದ್ದು 1982ರಲ್ಲಿ; ಲಲಿತಾಜಿ ಎಂಬತ್ತರ ದಶಕದವರು; ಬಜಾಜಿನ ಆ ಹೆಸರಾಂತ ಹಾಡು 1989ರದು. ನಮ್ಮ ಮನೆಗಳ ಮಾಡಿನ ಮೇಲೆ ಉದ್ದದ ಕಬ್ಬಿಣದ ಕೊಳವೆಗೆ ಆ್ಯಂಟೆನಾ ಕಟ್ಟಿ, ಒಬ್ಬರು ಮೇಲೆ ಹತ್ತಿ ತಿರುಗಿಸುವಾಗ ಇನ್ನೊಬ್ಬರು ಕೆಳಗಿಂದ "ಈಗ ಕಾಣ್ತದೆ, ಈಗ ಹೋಯ್ತು" ಎಂದು ಕೂಗುತ್ತಿದ್ದ ದಿನಗಳು ಎಲ್ಲವೂ ಎಂಬತ್ತರ ದಶಕಕ್ಕೆ ಸೇರಿದವು.

ಇಲ್ಲಿ ಒಂದು ವಿಷಯವನ್ನು ಸೇರಿಸಬೇಕು, ಏಕೆಂದರೆ ಇದನ್ನು ಕನ್ನಡಿಗರೇ ಮರೆತಿದ್ದಾರೆ. ಎಪ್ಪತ್ತರ ದಶಕದಲ್ಲಿ ಕನ್ನಡದಲ್ಲಿ ಟಿವಿ ನೋಡಿದ ಮೊದಲ ಜನ ಬೆಂಗಳೂರಿನವರಲ್ಲ, ರಾಯಚೂರು, ಕಲಬುರಗಿ, ವಿಜಾಪುರ ಜಿಲ್ಲೆಗಳ ಹಳ್ಳಿಯವರು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, 1975ರ ಆಗಸ್ಟಿನಿಂದ 1976ರ ಜುಲೈ ತನಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಆ ಮೂರು ಜಿಲ್ಲೆಗಳಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಅಲ್ಲಿನ ವಿಷಯಗಳು. ಸಾಬೂನು ಮಾರುವ ಉದ್ದೇಶ ಅದಕ್ಕಿರಲಿಲ್ಲ. ಹೀಗೆ ಎಪ್ಪತ್ತರ ದಶಕದಲ್ಲಿ ಟಿವಿ ಕಂಡ ಕನ್ನಡಿಗರು ಟಿವಿಯ ಜಾಹೀರಾತನ್ನು ಕಾಣಲಿಲ್ಲ, ಜಾಹೀರಾತಿನ ಹಾಡು ಬಾಯಿಪಾಠ ಇದ್ದ ನಮ್ಮಂಥವರು ಟಿವಿಯನ್ನೇ ಕಾಣಲಿಲ್ಲ.

ಹಾಗಾದರೆ ಆ ಹಾಡುಗಳು ನಮಗೆ ಬಂದದ್ದು ಎಲ್ಲಿಂದ? ಕಡಲಾಚೆಯಿಂದ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ಶ್ರೀಲಂಕಾದ ರೇಡಿಯೋ ಸಿಲೋನ್ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲೆಯನ್ನು ಆರಂಭಿಸಿತು. ಬುಧವಾರ ರಾತ್ರಿ ಅಮೀನ್ ಸಯಾನಿ ಅವರ ದನಿಯನ್ನು ಶಾರ್ಟ್‌ವೇವಿನ ಅಲೆಗಳ ಏರಿಳಿತದ ನಡುವೆ ಹಿಡಿಯಲು ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ ಕೈಚಳಕವನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಆ ಕಾರ್ಯಕ್ರಮ ಒಂದು ಟೂತ್‌ಪೇಸ್ಟಿನ ಜಾಹೀರಾತಾಗಿ ಹುಟ್ಟಿತ್ತು ಎಂಬುದು ನಮಗಾಗ ತೊಂದರೆಯಾಗಿ ಕಾಣಲೇ ಇಲ್ಲ. ಪೇಸ್ಟಿನ ಪೆಟ್ಟಿಗೆಯೊಳಗೆ ಸಿಗುತ್ತಿದ್ದ ಬೆರಳ ತುದಿಯಷ್ಟಿನ ಪ್ಲಾಸ್ಟಿಕ್ ಪ್ರಾಣಿಗಳಿಗಾಗಿ ಮಕ್ಕಳು ಹಂಬಲಿಸುತ್ತಿದ್ದರು. ಮನೆಯಲ್ಲಿ ಹಿರಿಯರು ನಂಜನಗೂಡಿನ ಹಲ್ಲುಪುಡಿಯನ್ನೋ ಉಮಿಕರಿಯನ್ನೋ ಬಿಟ್ಟು ಪೇಸ್ಟಿಗೆ ಹೋಗುವ ಮನಸ್ಸು ಮಾಡದಿದ್ದರೆ ಆ ಆನೆ, ಒಂಟೆಗಳು ಕೈಗೆ ಬರುತ್ತಿರಲಿಲ್ಲ. ಸರಕಾರದ ರೇಡಿಯೋ ಜಾಹೀರಾತಿಗೆ ಬಾಗಿಲು ತೆರೆದದ್ದು 1967ರ ನವೆಂಬರಿನಲ್ಲಿ, ವಿವಿಧ ಭಾರತಿಯ ಮೂಲಕ, ಅದೂ ಮುಂಬಯಿ, ಪುಣೆ, ನಾಗಪುರಗಳಲ್ಲಿ ಮೊದಲು.

ನಮ್ಮ ಮನೆಗಳಲ್ಲಿ ಮಾತು ಹವ್ಯಕ ಕನ್ನಡವೋ, ತುಳುವೋ, ಕೊಂಕಣಿಯೋ, ಮರಾಟಿಯೋ, ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇಷ್ಟರ ಮೇಲೆ ಹಿಂದಿಯ ಜಾಹೀರಾತುಗಳನ್ನು ಒಂದಕ್ಷರದ ಅರ್ಥ ತಿಳಿಯದೆ, ರಾಗ ಒಂದಿನಿತೂ ತಪ್ಪದೆ ಹಾಡುತ್ತಿದ್ದ ಮಕ್ಕಳು ಪ್ರತಿ ಮನೆಯಲ್ಲೂ ಇದ್ದರು. ಹಾಗೆಂದು ರೇಡಿಯೋ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸು ಕಟ್ಟಬೇಕಿತ್ತು. ಆಕಾಶವಾಣಿಯ ಮಂಗಳೂರು ನಿಲಯ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಅಲ್ಲಿಯ ತನಕ ನಮ್ಮ ಕಿವಿ ಭದ್ರಾವತಿ, ಧಾರವಾಡ, ಕೋಳಿಕ್ಕೋಡು ನಿಲಯಗಳ ಕಡೆ ಹೊರಳುತ್ತಿತ್ತು. ಮಂಗಳೂರಿನಿಂದ ನಮ್ಮದೇ ಧಾಟಿಯ ಕನ್ನಡ, ನಮ್ಮದೇ ಚೆಂಡೆ ಮದ್ದಳೆ ಕೇಳಿಬಂದಾಗ ಗಡಿಯ ಈಚೆಗಿದ್ದವರಿಗೆ ಆದ ಸಮಾಧಾನ ಆಚೆಯವರಿಗೆ ಆದುದಕ್ಕಿಂತ ಹೆಚ್ಚಿನದೆಂದೇ ನನ್ನ ನಂಬಿಕೆ, ಏಕೆಂದರೆ ಅಲೆಗಳಿಗೆ ತಲಪಾಡಿಯ ಚೆಕ್‌ಪೋಸ್ಟು ಅಡ್ಡ ಬರುವುದಿಲ್ಲ.

ಕಣ್ಣಿಗೆ ಕಂಡ ಜಾಹೀರಾತು ಸಿನಿಮಾ ಟಾಕೀಸಿನದು. ಫಿಲ್ಮ್ಸ್ ಡಿವಿಷನ್ನಿನ ಸಮಾಚಾರ ಚಿತ್ರ ಮುಗಿದ ಮೇಲೆ ಸ್ಲೈಡುಗಳು: ಗಾಜಿನ ಮೇಲೆ ಕೈಯಲ್ಲಿ ಬರೆದ ಜವಳಿ ಅಂಗಡಿ, ಚಿನ್ನದಂಗಡಿ, ಆಯುರ್ವೇದ ಔಷಧಾಲಯಗಳ ಹೆಸರು. ಆಮೇಲೆ ವಿಕ್ಕೋದಂಥ ಕಂಪನಿಗಳ ಚಲಿಸುವ ಚಿತ್ರ. ಜಲಪಾತದಡಿಯ ಹುಡುಗಿಯ ಲಿರಿಲ್ ಜಾಹೀರಾತು 1975ರದು. ಅದು ಮನೆಮಾತಾದದ್ದು ಮೊದಲು ಇಂಥ ಟಾಕೀಸುಗಳ ಬಿಳಿಪರದೆಯಿಂದ. ಲಿರಿಲನ್ನು ಟಿವಿಯಲ್ಲಿ ಕಂಡೆನೆಂದು ಹೇಳುವ ನಮ್ಮ ಕಡೆಯ ಹಿರಿಯರು ಸುಳ್ಳು ಹೇಳುತ್ತಿಲ್ಲ. ಟಾಕೀಸಿನಲ್ಲಿ ಕಂಡದ್ದನ್ನು ಹತ್ತು ವರ್ಷದ ಬಳಿಕ ಟಿವಿಯಲ್ಲಿ ಮತ್ತೆ ಕಂಡು, ಎರಡು ನೆನಪುಗಳು ಒಂದರೊಳಗೊಂದು ಸೇರಿಹೋಗಿವೆ.

ಆದರೆ ರೇಡಿಯೋ ಮತ್ತು ಟಾಕೀಸು ಎಲ್ಲ ಊರಿಗೂ ಸಮಾನ. ಕಾಸರಗೋಡಿನ ಎಪ್ಪತ್ತರ ದಶಕಕ್ಕೆ ತನ್ನದೇ ಆದ ಗುರುತು ಕೊಟ್ಟವು ಬೀದಿಯ ಮೈಕು, ಗೋಡೆ ಮತ್ತು ಬಣ್ಣದ ಕಾಗದ.

ಮೈಕಿನಲ್ಲಿ ಮೊದಲು ನೆನಪಾಗುವುದು ಲಾಟರಿ. ಕೇರಳ ಸರಕಾರ 1967ರಲ್ಲಿ ಲಾಟರಿ ಆರಂಭಿಸಿತು. ಟಿಕೇಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ, ಮೊದಲ ಡ್ರಾ 1968ರ ಜನವರಿ 26ರಂದು. "ನಾಳೆಯಾಣ್, ನಾಳೆಯಾಣ್" ಎಂಬ ಕೂಗು ಮಲಯಾಳ ಬಾರದ ಅಜ್ಜಿಯಂದಿರಿಗೂ ಅರ್ಥವಾಗುತ್ತಿತ್ತು. ಅದರ ಬೆನ್ನಿಗೇ ಡೇರೆ ಹಾಕಿ ಯಕ್ಷಗಾನ ಆಡುವ ಮೇಳದ ಜೀಪು. ಚಳಿಗಾಲ ಕಾಲಿಟ್ಟಿತೆಂದರೆ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಮಾರ್ಗಗಳಲ್ಲಿ ಮಾಡಿಗೆ ಹಾರ್ನ್ ಕಟ್ಟಿದ ಜೀಪು ಹೊರಟು, ಇಂದು ರಾತ್ರಿ ಎಲ್ಲಿ ಆಟ, ಯಾವ ಪ್ರಸಂಗ, ಯಾರ ಪಾತ್ರ ಯಾವುದು ಎಂದು ಸಾರುತ್ತ, ಹಿಂದಿನಿಂದ ಗುಲಾಬಿ, ಹಸಿರು, ಹಳದಿ ನೋಟೀಸುಗಳನ್ನು ಎಸೆಯುತ್ತಿತ್ತು. ಆಗಿನ ಜನಪ್ರಿಯತೆ ಎಂದರೆ ಏನೆಂದು ತಿಳಿಯಬೇಕಿದ್ದರೆ ಆ ನೋಟೀಸುಗಳನ್ನು ನೋಡಬೇಕು. ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರಿಗೆ ಇದ್ದ ಸ್ಥಾನ ಸಿನಿಮಾ ನಾಯಕರದಕ್ಕಿಂತ ಕಡಿಮೆಯದಾಗಿರಲಿಲ್ಲ. ಅವರ ಅರ್ಥಗಾರಿಕೆಯ ಮಾತುಗಳನ್ನು ಮರುದಿನ ಚಹಾದಂಗಡಿಯಲ್ಲಿ ಒಪ್ಪಿಸುವವರಿದ್ದರು. ತುಳು ಪ್ರಸಂಗಗಳು ಡೇರೆಯನ್ನು ತುಂಬಿಸತೊಡಗಿದ್ದೂ ಆ ದಶಕದಲ್ಲೇ. ಜನಪ್ರಿಯ ಸಂಸ್ಕೃತಿ ಎಂಬ ಮಾತಿಗೆ ಎಪ್ಪತ್ತರ ದಶಕದ ಈ ನೆಲದಲ್ಲಿ ಬೇರೆ ಉದಾಹರಣೆ ಹುಡುಕಬೇಕಾದ ಅಗತ್ಯವೇ ಇಲ್ಲ.

ಗೋಡೆಗಳಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ಬೀಡಿ. ಬೀಡಿಯ ವಿಷಯದಲ್ಲಿ ನಮ್ಮ ಗಡಿನಾಡು ದೊಡ್ಡದೊಂದು ಬದಲಾವಣೆಯನ್ನು ಕಂಡಿತು. 1966ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಾಯಿದೆಯನ್ನು ಮಾಡಿತು. ಕೇರಳ ಅದನ್ನು 1968ರಲ್ಲಿ ಜಾರಿಗೆ ತಂದಾಗ ಮಂಗಳೂರು ಮೂಲದ ದೊಡ್ಡ ಬೀಡಿ ಸಂಸ್ಥೆಗಳು ಇಲ್ಲಿನ ಕಾರ್ಖಾನೆಗಳನ್ನು ಮುಚ್ಚಿದವು. ಕೆಲಸ ಕಳೆದುಕೊಂಡ ಸಾವಿರಾರು ಮಂದಿ ಸೇರಿ 1969ರಲ್ಲಿ ಕಣ್ಣಾನೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಮುಂದಿನ ದಶಕ ಪೂರ್ತಿ ನಮ್ಮ ಗೂಡಂಗಡಿಗಳಲ್ಲಿ ಹಳೆಯ ಖಾಸಗಿ ಸಂಸ್ಥೆಯ ಗಣೇಶ, ಸಹಕಾರ ಸಂಘದ ದಿನೇಶ ಎರಡೂ ಹೆಸರು ಅಕ್ಕಪಕ್ಕದಲ್ಲಿದ್ದವು, ಮತ್ತು ಸೇದುವವನು ಯಾವ ಕಟ್ಟನ್ನು ಕೇಳುತ್ತಾನೆಂಬುದರಲ್ಲಿ ಅವನ ರಾಜಕೀಯದ ಒಂದಿಷ್ಟು ಸುಳಿವು ಇರುತ್ತಿತ್ತು. ದಿನೇಶ್ ಬೀಡಿಯ ಕೆಲಸದ ಕೋಣೆಗಳಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು ರೂಢಿ. ಒಂದು ಮಾರಾಟದ ಹೆಸರಿನ ಹಿಂದೆ ಇಷ್ಟು ಚರಿತ್ರೆ ಇರುವಾಗ ಅದನ್ನು ಬಿಟ್ಟು ಮುಂಬಯಿಯ ಸಾಬೂನಿನ ಹಾಡನ್ನಷ್ಟೇ ನೆನಪಿಡುವುದು ನನಗೆ ನಷ್ಟವಾಗಿ ಕಾಣುತ್ತದೆ.

ತಂಪು ಪಾನೀಯದ ಕತೆಯೂ ಇಂಥದೇ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 1977ರಲ್ಲಿ ಕೋಕಾ ಕೋಲಾ ಭಾರತ ಬಿಟ್ಟಿತು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಇಳಿಸಬೇಕೆಂಬ ನಿಯಮವನ್ನು ಪಟ್ಟು ಹಿಡಿದು ಅನ್ವಯಿಸಿದ ಕೈಗಾರಿಕಾ ಸಚಿವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ಅದರ ಬದಲಿಗೆ ಸರಕಾರ ತಂದ ಡಬಲ್ ಸೆವೆನ್ ಪಾನೀಯದ ಸೂತ್ರವನ್ನು ಸಿದ್ಧಪಡಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಥಮ್ಸ್ ಅಪ್ ಬಂದದ್ದೂ ಅದೇ ವರ್ಷ. ಗೋಲಿ ಸೋಡಾದ ಊರಾದ ನಮಗೆ ಇದರಿಂದ ಆದ ವ್ಯತ್ಯಾಸ ಅಷ್ಟಕ್ಕಷ್ಟೇ.

ಚಾಕಲೇಟಿನ ವಿಷಯ ಹಾಗಲ್ಲ. ವಾರಪತ್ರಿಕೆಗಳ ಬಣ್ಣದ ಪುಟದಲ್ಲಿ ಚಾಕಲೇಟಿನ ಜಾಹೀರಾತು ಕಾಣುತ್ತಿದ್ದ ಅದೇ ವರ್ಷಗಳಲ್ಲಿ ಅದರ ಮೂಲವಸ್ತು ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಬೆಳೆಯತೊಡಗಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಅಡಿಕೆಯ ಧಾರಣೆ ಕುಸಿದು ಎರಡೂ ರಾಜ್ಯಗಳ ಬೆಳೆಗಾರರು ಕಂಗೆಟ್ಟಿದ್ದರು. ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಂದೇ ಸಹಕಾರ ಸಂಘದಡಿ ತಂದ ಕ್ಯಾಂಪ್ಕೋ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ್ದು ಆ ಸಂಕಟದಿಂದ. ಅಡಿಕೆಯೊಂದನ್ನೇ ನಂಬಬಾರದೆಂದು, ಅದರ ನಡುವೆ ಕೊಕ್ಕೋ ಹಾಕಿ ಎಂಬ ಸಲಹೆ ಬಂತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರ ಈ ಬೆಳೆಯ ಮೇಲೆ ಕೆಲಸ ಮಾಡಿದವು. ಚಾಕಲೇಟು ಕಂಪನಿಯ ಕಡೆಯಿಂದಲೂ ಪ್ರೋತ್ಸಾಹವಿತ್ತು. ಅಡಿಕೆಗೆ ಬಿಡುವ ನೀರೇ ಸಾಕು, ನೆರಳು ಹೇಗೂ ಇದೆ. ಕಾಯಿ ಒಡೆದು, ಹಸಿ ಬೀಜವನ್ನು ಬುಟ್ಟಿಯಲ್ಲಿ ತುಂಬಿ, ಬಾಳೆಲೆ ಮುಚ್ಚಿ, ಐದಾರು ದಿನ ಹುಳಿಬರಿಸಿ, ಆಮೇಲೆ ಒಣಗಿಸುವ ಕ್ರಮವನ್ನು ರೈತರು ಹೊಸದಾಗಿ ಕಲಿತರು. ಮಕ್ಕಳು ಬೀಜದ ಸುತ್ತಣ ಹುಳಿಸಿಹಿಯ ತಿರುಳನ್ನು ಚೀಪುತ್ತಿದ್ದರು. ಪತ್ರಿಕೆಯ ಬಣ್ಣದ ಚಿತ್ರದಲ್ಲಿರುವ ಕಂದು ಪಟ್ಟಿಗೂ ತಾವು ಚೀಪುತ್ತಿರುವ ಬೀಜಕ್ಕೂ ಸಂಬಂಧವಿದೆಯೆಂದು ಅವರಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿರಲಿಲ್ಲ.

ದಶಕದ ಕೊನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋದ ಬೆಲೆ ಬಿತ್ತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಬೆಳೆದದ್ದನ್ನು ಕೊಳ್ಳುವವರಿಲ್ಲದೆ ರೈತರು ಗಿಡಗಳನ್ನೇ ಕಡಿಯುವ ಸ್ಥಿತಿ ಬಂದಾಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ಎಪ್ಪತ್ತರ ದಶಕದ ಚಾಕಲೇಟು ಜಾಹೀರಾತನ್ನು ನೆನೆಯುವ ಎಲ್ಲ ಹಕ್ಕು ನಮಗಿದೆ. ಆದರೆ ಆ ನೆನಪಿನಲ್ಲಿ ತಿನ್ನುವವನ ಜಾಗದಲ್ಲಷ್ಟೇ ನಮ್ಮನ್ನು ಕೂರಿಸಿಕೊಂಡರೆ, ಬೆಳೆದವನ ಜಾಗದಲ್ಲಿ ಇದ್ದ ನಮ್ಮವರನ್ನು ನಾವೇ ಮರೆತಂತೆ.

1973ರಲ್ಲಿ ಎಣ್ಣೆಯ ಬೆಲೆ ಏರಿದ ಬಳಿಕ ಕೊಲ್ಲಿ ದೇಶಗಳಿಗೆ ಹೋದವರು ರಜೆಯಲ್ಲಿ ಊರಿಗೆ ತಂದ ಟೂ-ಇನ್-ವನ್ ಟೇಪ್ ರೆಕಾರ್ಡರುಗಳು ಇನ್ನೊಂದು ಅಧ್ಯಾಯ. ಆ ವಸ್ತುಗಳಿಗೆ ಇಲ್ಲಿ ಜಾಹೀರಾತು ಬೇಕಾಗಲಿಲ್ಲ, ಖಾಲಿ ರಟ್ಟಿನ ಪೆಟ್ಟಿಗೆಯನ್ನೇ ಅಟ್ಟದಲ್ಲಿ ಜೋಪಾನವಾಗಿಡುತ್ತಿದ್ದರು. ಆ ಯಂತ್ರಗಳಲ್ಲಿ ಹಿಡಿದಿಟ್ಟ ತಾಳಮದ್ದಳೆಗಳು ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿವೆ, ಮತ್ತು ಅವು ಬೇಗನೆ ಹಾಳಾಗುತ್ತಿವೆ.

ಈಗ ಬಣ್ಣದ ಕಾಗದಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತು ಇರುವುದು ಇಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ತಕರಾರಿನ ಬಗೆಗಿನ 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಅದು ಆಗಲಿಲ್ಲ. ಇಲ್ಲಿ ಎಷ್ಟು ಜನ ಕನ್ನಡ ಓದುತ್ತಿದ್ದರು ಎಂಬುದರ ಬಗ್ಗೆ ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕ ಹೇಳುತ್ತ ಬಂದಿದ್ದಾರೆ. ಆದರೆ ವ್ಯಾಪಾರಿ ಯಾರ ದಾಕ್ಷಿಣ್ಯಕ್ಕೂ ಅಚ್ಚು ಹಾಕಿಸುವುದಿಲ್ಲ. ಒಂದು ಜವಳಿ ಅಂಗಡಿ ಎಪ್ಪತ್ತರ ದಶಕದಲ್ಲಿ ತನ್ನ ಓಣಂ-ದೀಪಾವಳಿಯ ನೋಟೀಸನ್ನು ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದರಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿದೆಯೆಂದರೆ, ಅದರ ಖರ್ಚನ್ನು ವಸೂಲು ಮಾಡುವಷ್ಟು ಕನ್ನಡ ಓದುಗರು ಗಿರಾಕಿಗಳಾಗಿ ಬರುತ್ತಿದ್ದರೆಂದು ಅರ್ಥ. ಟಾಕೀಸಿನ ಪೋಸ್ಟರು, ಮೇಳದ ನೋಟೀಸು, ಬೀಡಿಯ ಕ್ಯಾಲೆಂಡರು, ಅಂಗಡಿಯ ಬಿಲ್ಲು ಯಾವ ಪಕ್ಷವನ್ನೂ ವಹಿಸದೆ ಇಲ್ಲಿಯ ಕನ್ನಡಕ್ಕೆ ಸಾಕ್ಷಿ ನುಡಿಯುತ್ತವೆ. ದೆಹಲಿ, ಮುಂಬಯಿಗಳ ಜಾಹೀರಾತು ಚಿತ್ರಗಳನ್ನು ಕಾಪಿಡುವವರು ಬೇಕಾದಷ್ಟು ಜನರಿದ್ದಾರೆ. ಈ ಕಾಗದಗಳಿಗೆ ನಾವಲ್ಲದೆ ಬೇರೆ ಯಾರೂ ಇಲ್ಲ. ಮಳೆಗಾಲದ ಪಸೆ ಮತ್ತು ಗೆದ್ದಲು ನಮ್ಮ ಅಟ್ಟಗಳಲ್ಲಿ ವರ್ಷವರ್ಷವೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಿವೆ.

ಇವುಗಳನ್ನು ಸಂಗ್ರಹಿಸುವಾಗ ಎದುರಾಗುವ ದೊಡ್ಡ ತೊಡಕು ಇಸವಿಯದು. ನೋಟೀಸಿನಲ್ಲಿ ತಾರೀಕು ಇರುತ್ತದೆ, ವಾರ ಇರುತ್ತದೆ, ಇಸವಿ ಬಹಳ ಸಲ ಇರುವುದಿಲ್ಲ. ನಾಳಿನ ಆಟಕ್ಕೆ ಇಸವಿ ಯಾರಿಗೆ ಬೇಕು? ಅದನ್ನು ಕಂಡುಹಿಡಿಯುವ ದಾರಿಯನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಕಾಗದದಲ್ಲಿ "ಫೆಬ್ರವರಿ 12, ಶನಿವಾರ" ಎಂದಿದೆ ಎನ್ನೋಣ. ಎಪ್ಪತ್ತರ ದಶಕದಲ್ಲಿ ಫೆಬ್ರವರಿ 12 ಶನಿವಾರ ಬಿದ್ದದ್ದು 1972 ಮತ್ತು 1977ರಲ್ಲಿ ಮಾತ್ರ. ಅಲ್ಲಿಗೆ ಹತ್ತು ವರ್ಷ ಎರಡಕ್ಕೆ ಇಳಿಯಿತು. ಮುಂದೆ ಕಾಗದದ ತೀರ ಕೆಳಗೆ ಸಣ್ಣ ಅಕ್ಷರದ ಸಾಲನ್ನು ನೋಡಿ. ಅಚ್ಚಾದ ಕಾಗದದಲ್ಲಿ ಮುದ್ರಕರ ಹೆಸರು, ಸ್ಥಳ ಇರಬೇಕೆಂಬುದು ಆಗ 1867ರಿಂದ ಬಂದ ಕಾನೂನಾಗಿತ್ತು. ಹಾಗಾಗಿ ಪ್ರೆಸ್ಸಿನ ವಿಳಾಸ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಆ ವಿಳಾಸದಲ್ಲೋ ಅಂಗಡಿಯ ವಿಳಾಸದಲ್ಲೋ 671ರಿಂದ ಆರಂಭವಾಗುವ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಕಾಗದವಾಗಿರಲು ಸಾಧ್ಯವಿಲ್ಲ, ಏಕೆಂದರೆ ಪಿನ್‌ಕೋಡ್ ಜಾರಿಗೆ ಬಂದದ್ದು ಆ ವರ್ಷದ ಆಗಸ್ಟ್ 15ರಂದು. ಆಗ ಉಳಿಯುವುದು 1977. ಪಿನ್‌ಕೋಡ್ ಇಲ್ಲದಿದ್ದರೆ ಮಾತ್ರ ಆತುರದ ತೀರ್ಮಾನ ಬೇಡ; ಹೊಸ ಪದ್ಧತಿಯನ್ನು ಎಲ್ಲರೂ ಕೂಡಲೇ ಹಿಡಿಯುವುದಿಲ್ಲ. ಇನ್ನು "ಕಣ್ಣಾನೂರು ಜಿಲ್ಲೆ" ಎಂದಿದ್ದರೆ ಅದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರ ಮೇ 24ಕ್ಕಿಂತ ಹಿಂದಿನದೆಂದು ಹೆಚ್ಚು ಕಡಿಮೆ ಖಚಿತವಾಗಿ ಹೇಳಬಹುದು.

ಇಂಥ ಕಾಗದ ತಮ್ಮ ಮನೆಯಲ್ಲಿ ಸಿಕ್ಕರೆ ಅದನ್ನು ಮಡಿಸಬೇಡಿ, ಗಾಜಿಗೆ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ; ಕೆಳಗಿನ ಮುದ್ರಕರ ಸಾಲು ಚಿತ್ರದಲ್ಲಿ ಕಡಿದುಹೋಗದಂತೆ ನೋಡಿಕೊಳ್ಳಿ. ಅದು ಯಾವ ಊರಿನ ಯಾವ ಮನೆಯಲ್ಲಿ, ಯಾವ ಪುಸ್ತಕದ ನಡುವೆ ಸಿಕ್ಕಿತೆಂದು ಬೇರೆ ಹಾಳೆಯಲ್ಲಿ ಬರೆದಿಡಿ. ಮನೆಯ ಹಿರಿಯರು ಅದನ್ನು ನೋಡಿ ಏನಾದರೂ ಹೇಳಿದರೆ ಆ ಮಾತನ್ನೂ ಅವರು ಆಡಿದ ಹಾಗೆಯೇ, ತುಳುವಾದರೆ ತುಳುವಿನಲ್ಲೇ, ಅದರ ಜೊತೆಗೆ ಬರೆಯಿರಿ. ಸಭೆ ಮುಗಿದ ಮೇಲೆ ನಾನು ಇಲ್ಲಿಯೇ ಇರುತ್ತೇನೆ; ಯಾರಲ್ಲಿಯಾದರೂ ಇಂಥದು ಇದ್ದರೆ ಒಟ್ಟಿಗೆ ಕೂತು ಇಸವಿ ಲೆಕ್ಕ ಹಾಕೋಣ.